ಅಂವ ನಿನಗೇನಾಗಬೇಕು?

ಮೊದಲ ಕೇಳಿದ್ದು ಇಷ್ಟ:
‘ಅಂವ ನಿನಗೇನಾಗಬೇಕು?’

ನಮ್ಮ ಕಡೆ ಈ ಮಾತು
ಲಗ್ನದ ಹಂದರದಾಗ ಕೇಳ್ತಾರ,
ಮಣ್ಣಿಗೆ ಹೋದಾಗ ಕೇಳ್ತಾರ,
ಬಸ್ಸಿನಾಗ ಬಾಜೂಕ ಕುಂತ ಮುದುಕಿ ಕೇಳ್ತಾಳ.
ನಾಲ್ಕು ಮಂದಿ ಬೂಟಗಾಲಿಲೆ ಅಂಗಡಿಯೊಳಗ ನಿಂತು
ಕೇಳಿದ್ದು ಇದ ಮೊದಲು.

‘ಏನೂ ಆಗಬೇಕಿಲ್ಲರಿ ಸಾಹೇಬ್ರ.’

ಅವನ ಫೋನು ತೋರಿಸಿದ್ರು. ಅದರಾಗ ನನ್ನ ನಂಬರು,
ಹೆಸರು: ಬೈಂಡಿಂಗ್ ಕಾಕಾ.
‘ಕಾಕಾ ಅಂತ ಐತಲ್ಲ?’
ಗದಗಿನಾಗ ಹಾಲಿನಾಂವ ಕಾಕಾ, ಕಂಡಕ್ಟರ್ ಕಾಕಾ,
ಟಾಂಗಾಕೂಟದಾಗ ಮಿರ್ಚಿ ಕರಿಯಾಂವ ಕಾಕಾ,
ಹೇಳಾಕ ಬಾಯಿ ತೆಗದೆ.
‘ನಿನ್ನ ಹೆಸರು?’
ದಾವಲಸಾಬ ಜಿಲ್ದಗಾರ.
ಪೆನ್ನು ಒಂದು ಗಳಿಗಿ ನಿಂತು
ಆಮ್ಯಾಲ ಬರೀತು.

ಅಂವ ಬರ್ತಿದ್ದ, ಹೌದು. ಯಮನೂರ ತಳವಾರ.
ಬೆಟಗೇರಿ ಮಗ್ಗದವರ ಕೂಲಿ ಲೆಕ್ಕ ಬರದ ಕರಪತ್ರ
ಸಾವಿರ ತಂದು ಮಡಚಿಸ್ತಿದ್ದ.
ನನ್ನ ಚಾದಾಗ ಅರ್ಧ ಕುಡದು
ಸರಕಾರ ಉರುಳಿಸಿ ಎದ್ದು ಹೋಗ್ತಿದ್ದ.
ಅವನ ಮಾತು ನನಗ ಹಿಡಸ್ತಿದ್ದಿಲ್ಲ.
ಎಲ್ಲಾ ಸುಟ್ಟ ಮ್ಯಾಲ ಹೊಸಾದು ಅಂತಿದ್ದ;
ನಾ ಹರದದ್ದನ್ನ ಹೊಲಿಯಾಂವ.
ಜಗಳಾಡ್ತಿದ್ವಿ. ಜಗಳಾಡಕೋತನ
ನೆಲದ ಮ್ಯಾಲಿನ ಕಾಗದದ ಚೂರು ಆರಿಸಿ ಕೊಡ್ತಿದ್ದ.

ಡಬ್ಬಿ ತೆಗದ್ರು. ನೀಲಿ ಹರಳು.
ಮೈಲುತುತ್ತರಿ, ಅಂದೆ. ಅಂಟಿಗೆ ಹಾಕ್ತೀವಿ, ಹುಳ ಬೀಳಬಾರದಂತ.
ಪ್ಲಾಸ್ಟಿಕ್ಕಿನಾಗ ಕಟ್ಟಿದ್ರು.
ರಂಪಿಗಿ ತಗೊಂಡ್ರು, ಆರಿ ತಗೊಂಡ್ರು,
ಅಂವ ಬಿಟ್ಟುಹೋದ ರಟ್ಟಿಲ್ಲದ ಪುಸ್ತಕ ತಗೊಂಡ್ರು.
ಬಾಕಿ ವಹಿಯೊಳಗ ಒಂದು ಸಾಲು,
‘ಯಮನೂರ, ಬರೂದು ಮೂವತ್ತು’,
ಅದನ್ನ ಎರಡು ಸಲ ಓದಿದ್ರು.

ಮರುದಿನ ಪೇಪರಿನಾಗ:
ನೀಲಿ ಬಣ್ಣದ ರಾಸಾಯನಿಕ, ಹರಿತವಾದ ಆಯುಧಗಳು,
ಹಣಕಾಸಿನ ದಾಖಲೆ ವಶ.
ಅವನ ಹೆಸರಿನ ಮುಂದ ‘ಉಗ್ರ’ ಹತ್ತಿತ್ತು.
ಜಾಗಾ ಸಾಲದ್ದಕ್ಕೋ ಏನೋ
ಓದ್ತಿದ್ದ ಕಾಲೇಜು ಬಿದ್ದುಹೋಗಿತ್ತು.

ಚೀಟಿ ಹಚ್ಚೂದು ನನ್ನ ಕಸಬು.
ಒಮ್ಮೆ ಕೀರ್ದಿಗೆ ಖತಾವಣಿ ಅಂತ ಹಚ್ಚಿ
ಹತ್ತಿ ವ್ಯಾಪಾರಿ ಕಡೆ ಬೈಸಿಕೊಂಡೇನಿ.
ಹಸಿ ಅರಿವಿ ಒತ್ತಿದೆ, ಎದ್ದು ಬಂತು.
ಅದ ವ್ಯಾಪಾರಿ ಈಗ ಬಂದು
ಅರ್ಧ ಹೊಲಿದಿದ್ದ ವಹಿಗಳನ್ನ ಹಂಗ ಎತ್ತಿಕೊಂಡು ಹೋದ.
ಅರ್ಜಂಟ್ ಐತಿ, ಅಂದ. ಮಾರಿ ನೋಡಲಿಲ್ಲ.

ಆ ರಾತ್ರಿ ನಾನೂ ಒಂದು ಕೆಲಸ ಮಾಡಿದೆ. ಹೇಳ್ತೀನಿ.
ಗ್ವಾಡಿಗೆ ತೂಗಬಿಟ್ಟ ನಂಬರ್ ಪುಸ್ತಕ ಅವರಿಗೆ ಕಂಡಿದ್ದಿಲ್ಲ.
ಅಂವನ ಹೆಸರಿದ್ದ ಹಾಳಿ ಹರದು ಒಲಿಗೆ ಹಾಕಿದೆ.
ಐವತ್ತು ವರ್ಷ ಹೊಲದ ಕೈ ಇದು, ಗೊತ್ತಿರಬೇಕಿತ್ತು:
ಮಡಚಿ ಹೊಲದ ಪುಸ್ತಕದಾಗ ಒಂದು ಹಾಳಿ ಕಿತ್ತರ
ಅದರ ಜೋಡಿ ಹಾಳಿ, ಅಲ್ಲೆಲ್ಲೋ ಹಿಂದಿರೂದು,
ಸಡ್ಲಾಗತೈತಿ.
ಮುಂಜಾನೆ ಕಸ ಹೊಡಿಯೂವಾಗ ಸಿಕ್ತು.
ಮುಳಗುಂದದ ನನ್ನ ತಂಗಿ ನಂಬರು.

ಶುಕ್ರವಾರ ಒಬ್ಬಾಕಿ ಬಂದು ಬಾಗಲದಾಗ ನಿಂತ್ಲು.
ಸೀರಿಗೆ ನೂಲಿನ ಎಳಿ ಹತ್ತಿದ್ವು.
ಯಮನೂರ ದರ್ಗಾಕ್ಕ ಹರಕಿ ಹೊತ್ತು ಹಡದಾಕಿ.
ಸೆರಗಿನ ಗಂಟು ಬಿಚ್ಚಿ
ಹತ್ತರ ಮೂರು ನೋಟು ಇಟ್ಲು.
‘ಭೇಟಿಗೆ ಹೋಗಿದ್ದೆ. ಮೊದಲ ಇದನ್ನ ಕೊಟ್ಟು ಬಾ ಅಂದ.’

ಸ್ಟೂಲು ಕೊಡೂಕಿಂತ ಮೊದಲ ನಾ ರಸ್ತೆ ನೋಡಿದೆ.
ನೋಡಿದ್ದನ್ನ ಆಕಿ ನೋಡಿದ್ಲು.

ಎದುರಿನ ಜೆರಾಕ್ಸ್ ಅಂಗಡಿ ಹುಡುಗ ದಾಟಿ ಬಂದ,
ಬಾಯಾಗ ಗುಟ್ಕಾ, ಕೈಯಾಗ ಫೋನು.
‘ಯಾರು ಕಾಕಾ ಈಕಿ? ನಿನಗೇನಾಗಬೇಕು?’

ಅಂಟಿನ ಕೈ ಒರಸಿಕೊಂಡೆ. ಸ್ಟೂಲು ಎಳದೆ.
‘ವೈನಿ,’ ಅಂದೆ.
‘ವೈನಿ ಆಗಬೇಕು.’